ಬಿಸಿಲಿಗೆ ಕಸುವು ಇಳಿಯುತ್ತದಾ?

ರಾಯಚೂರಿನ ಗರಡಿಯಲ್ಲಿ ಕೇಳಿ, ಮೈ ಕಾಯದೆ ಪಟ್ಟು ಬೀಳಲ್ಲ ಅಂತಾರೆ. ಎಪಿಎಂಸಿ ಹಮಾಲರನ್ನು ಕೇಳಿ, ಈ ಬಿಸಿಲಿಗೆ ಕೈಯಾಗ ಕಸುವೇ ಇಲ್ಲ ಅಂತಾರೆ. ಬಿಸಿ ಸ್ನಾಯುವಿಗೆ ಬಲ ಕೊಡುತ್ತಾ, ಕಸಿಯುತ್ತಾ? ಇಬ್ಬರ ಮಾತೂ ನಿಜ.

ಸ್ನಾಯುವಿಗೂ ಬಿಸಿಗೂ ಏನು ಸಂಬಂಧ ಎಂಬ ಹುಡುಕಾಟ ಹಳೆಯದು. 1848ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಸ್ನಾಯು ಬಿಗಿಯುವಾಗ ಹುಟ್ಟುವ ಶಾಖ ಅಳೆದರು. ಅದೇ ಜಾಡು ಹಿಡಿದ ಬ್ರಿಟನ್ನಿನ ಎ.ವಿ. ಹಿಲ್‌ಗೆ 1922ರ ನೊಬೆಲ್ ಸಿಕ್ಕಿತು. ಸ್ನಾಯು ಬಿಗಿಯುವಾಗ ಅದರ ಎಳೆಗಳು ಒಂದರ ಪಕ್ಕ ಒಂದು ಜಾರುತ್ತವೆ ಎಂಬ ವಿವರಣೆ ಬಂದದ್ದು 1954ರಲ್ಲಿ. ಹಿಲ್ 1938ರ ಹೆಸರಾಂತ ಪ್ರಯೋಗಗಳನ್ನು ಮಾಡಿದ್ದು ಸೊನ್ನೆ ಡಿಗ್ರಿಯಲ್ಲಿಟ್ಟ ಕಪ್ಪೆ ಸ್ನಾಯುವಿನ ಮೇಲೆ. ಬಳ್ಳಾರಿಯ ಮೇ ತಿಂಗಳಿಗೂ ಅದಕ್ಕೂ ಎಲ್ಲಿಯ ನಂಟು!

ಎಳೆಗಳ ನಡುವೆ ಮಯೋಸಿನ್ ಪ್ರೋಟೀನಿನ ಕೊಂಡಿಗಳಿವೆ. ಅವು ಹಿಡಿದು, ಎಳೆದು, ಬಿಡುತ್ತವೆ. ತಣ್ಣಗಿದ್ದರೆ ಎಳೆತ ಸಡಿಲ. ನಮ್ಮಂಥ ಸಸ್ತನಿಗಳ ಸ್ನಾಯು 10 ಡಿಗ್ರಿಯಲ್ಲಿ ತೋರುವ ಬಲ, 35 ಡಿಗ್ರಿಯದರ ಸುಮಾರು ಅರ್ಧ. 30 ದಾಟಿದ ಮೇಲೆ ಬಲ ಅಷ್ಟಾಗಿ ಏರಲ್ಲ, ಎಳೆಯುವ ವೇಗ ಮಾತ್ರ ಏರುತ್ತಲೇ ಹೋಗುತ್ತದೆ. ಪೈಲ್ವಾನರು ಮೊದಲು ಬೈಠಕ್ ಹೊಡೆಯುವುದು ಸುಮ್ನೆ ಅಲ್ಲ.

ಹಾಗಾದರೆ ಹಮಾಲರ ಕೈ ಸೋಲುವುದೇಕೆ? ಉತ್ತರದ ಒಂದು ತುದಿ 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಸಿಕ್ಕಿತು. ನೈಬೊ ಮತ್ತು ನೀಲ್ಸನ್ ಎಂಬ ಸಂಶೋಧಕರು 40 ಡಿಗ್ರಿ ಸೆಕೆಯಲ್ಲಿ ಜನರಿಂದ ಸೈಕಲ್ ತುಳಿಸಿದರು. ಸುಮಾರು 50 ನಿಮಿಷಕ್ಕೆ ಅವರು ಸುಸ್ತಾದರು. ಮೈಯೊಳಗಿನ ಬಿಸಿ 40 ಡಿಗ್ರಿ ಮುಟ್ಟಿತ್ತು. ಆಮೇಲೆ ತೊಡೆಯನ್ನು ಎರಡು ನಿಮಿಷ ಪೂರ್ತಿ ಬಲದಿಂದ ಬಿಗಿ ಹಿಡಿಯಲು ಹೇಳಿದರು. ಹಿಡಿತ ಬೇಗ ಸಡಿಲಾಯಿತು. ಆದರೆ ಹೊರಗಿನಿಂದ ಕರೆಂಟ್ ಕೊಟ್ಟಾಗ ಸ್ನಾಯುವಿನಲ್ಲಿ ಬಲ ಇನ್ನೂ ಉಳಿದಿತ್ತು! ಮಿದುಳೇ ಆಜ್ಞೆಯನ್ನು ತಗ್ಗಿಸಿತ್ತು. ಇದು ಮೈಗಳ್ಳತನ ಅಲ್ಲ, ಮನಸ್ಸು ಗಟ್ಟಿ ಮಾಡಿದರೆ ಸರಿಹೋಗುವಂಥದ್ದೂ ಅಲ್ಲ.

ದುಡಿಯುವ ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಕಾಲು ಭಾಗದಷ್ಟೇ ಕೆಲಸವಾಗುತ್ತದೆ, ಮಿಕ್ಕದ್ದು ಶಾಖ. ಅದನ್ನು ಹೊರಹಾಕಲು ರಕ್ತ ಚರ್ಮದ ಕಡೆ ಓಡಬೇಕು, ಬೆವರು ಆರಬೇಕು. ಹೊರಗೇ 42 ಡಿಗ್ರಿ ಇದ್ದರೆ ಬೆವರೊಂದೇ ದಾರಿ.

ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಒಳ್ಳೆಯದೇ. ಫ್ಯಾನ್ ಕೆಳಗೆ ಕೂತವರಿಗೂ ಬಿಸಿಲು ತಾಗುತ್ತದೆ, ಅಲ್ವಾ? ಹಮಾಲರಿಗೆ ಮಾತ್ರ ಲಾರಿ 2ಕ್ಕೆ ಬಂದರೆ ಲೋಡಿಂಗ್ 2ಕ್ಕೇ ಶುರು. ಕೂಲಿ ಮೂಟೆ ಲೆಕ್ಕದ್ದು, ನೆರಳಲ್ಲಿ ಕೂತಷ್ಟು ಹೊತ್ತಿನ ಮೂಟೆಗಳು ಕೈ ಬಿಟ್ಟವು.