ಪದ ಪರಿಚಯ: ಬೀಫ್ ಆನ್ ಡೈರಿ

ಅಮೆರಿಕದ ಹೈನುಗಾರರ ಬಾಯಲ್ಲಿ ಈಗ ದಿನಾ ಕೇಳಿಬರುವ ಮಾತಿದು. ಹಾಲಿನ ಹಸುವಿಗೆ ಮಾಂಸದ ತಳಿಯ, ಹೆಚ್ಚಾಗಿ ಆಂಗಸ್ ಹೋರಿಯ, ವೀರ್ಯ ಹಾಕಿಸಿ, ಹುಟ್ಟಿದ ಮಿಶ್ರತಳಿ ಕರುವನ್ನು ಮಾಂಸಕ್ಕೆಂದು ಮಾರುವುದೇ ಬೀಫ್ ಆನ್ ಡೈರಿ.

ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು. ಅದರಲ್ಲಿ ಅರ್ಧ ಗಂಡು. ನಾವು ಎಚ್‌ಎಫ್ ಅನ್ನುವ ಹೋಲ್‌ಸ್ಟೀನ್ ತಳಿಯ ಗಂಡು ಕರುವಿಗೆ ಮೂಳೆ ಜಾಸ್ತಿ, ಮಾಂಸ ಕಮ್ಮಿ. ಕೊಬ್ಬಿಸೋಕೆ ಮೇವೂ ಹೆಚ್ಚು, ದಿನವೂ ಹೆಚ್ಚು. 2018-19ರ ಹೊತ್ತಿಗೆ ಎಳೆ ಗಂಡು ಕರುವಿನ ಬೆಲೆ ಎಷ್ಟು ಕುಸಿದಿತ್ತೆಂದರೆ, ಕೆಲವು ಕಡೆ ಸಂತೆಗೆ ಸಾಗಿಸಿದ ಖರ್ಚೂ ಹುಟ್ಟುತ್ತಿರಲಿಲ್ಲ.

ಲೆಕ್ಕ ಬದಲಿಸಿದ್ದು ಲಿಂಗ ವಿಂಗಡಿಸಿದ ವೀರ್ಯ. ಹೆಣ್ಣು ಕರು ಹುಟ್ಟಿಸುವ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು ಶೇ 4ರಷ್ಟು ಜಾಸ್ತಿ. ಬಣ್ಣ ಹಚ್ಚಿ ಲೇಸರ್ ಬಿಟ್ಟಾಗ ಅದು ತುಸು ಹೆಚ್ಚು ಹೊಳೆಯುತ್ತದೆ. ಯಂತ್ರ ಅದನ್ನು ಆರಿಸಿಕೊಳ್ಳುತ್ತದೆ. ಈ ವೀರ್ಯ ಹಾಕಿಸಿದರೆ 10ರಲ್ಲಿ 9 ಕರು ಹೆಣ್ಣು. (ನಮ್ಮ ಹಳ್ಳಿಗಳಿಗೂ ಇದು ಬಂದಿದೆ.) 100 ಹಸು ಇರುವವನಿಗೆ, ಹಿಂಡಿನಿಂದ ತೆಗೆದುಹಾಕುವವುಗಳ ಜಾಗಕ್ಕೆ ವರ್ಷಕ್ಕೆ ಸುಮಾರು 30-35 ಕಡಸು ಸಾಕು. ಅಷ್ಟನ್ನು ಒಳ್ಳೆಯ ಹಸುಗಳಿಂದಲೇ ಪಡೆಯಬಹುದು ಅಂದ ಮೇಲೆ, ಉಳಿದವಕ್ಕೆ ಆಂಗಸ್ ಹಾಕಿಸಿದರೆ ನಷ್ಟವೇನು, ಅಲ್ವಾ?

ಬರಗಾಲವೂ ಜೊತೆಗೂಡಿತು. ಮೇವಿಲ್ಲದೆ ಮಾಂಸದ ಹಸು ಸಾಕುವವರು ಹಿಂಡನ್ನೇ ಮಾರಿಕೊಂಡರು. 2025ರ ಜನವರಿಯಲ್ಲಿ ಅಮೆರಿಕದಲ್ಲಿದ್ದ ದನ, ಕರು ಒಟ್ಟು 8.67 ಕೋಟಿ. 1951ರ ನಂತರ ಅಲ್ಲಿಯವರೆಗೆ ಇಷ್ಟು ಕಮ್ಮಿ ಆಗಿರಲಿಲ್ಲ. ಹುಟ್ಟಿ ವಾರವಾಗದ ಮಿಶ್ರತಳಿ ಕರುವಿಗೂ 1000 ಡಾಲರ್ ಮುಟ್ಟುವ ಬೆಲೆ ಬಂತು.

ಈ ದುಡ್ಡು ಹೋಗುವುದು ಹಾಲು ಕರೆಯುವವನ ಜೇಬಿಗೆ. ಕೊಂಡು ಸಾಕುವವನ ಕತೆ ಬೇರೆ. ಕರುವಿಗೇ ಅಷ್ಟು ಸುರಿದ ಮೇಲೆ ಹಾಲಿನ ಪುಡಿ, ಹಿಂಡಿ, ಔಷಧಿ, ಬಡ್ಡಿ ಎಲ್ಲ ಕಳೆದು ಅವನಿಗೆ ಉಳಿಯಬೇಕು. ಹುಟ್ಟಿದ ಮೊದಲ ಗಂಟೆಗಳಲ್ಲಿ ಗಿಣ್ಣುಹಾಲು ಸರಿಯಾಗಿ ಕುಡಿಯದ ಕರು ಭೇದಿ ಹತ್ತಿ ಸತ್ತರೆ ಹಾಕಿದ ದುಡ್ಡೆಲ್ಲ ಹೋಯಿತು. ಸುಮ್ನೆ ಬೆಲೆ ನೋಡಿ ಈ ಕಸುಬಿಗೆ ಇಳಿಯುವವರು ಮರೆಯುವುದು ಇದನ್ನೇ.

ಹೈನುಗಾರನಿಗೂ ಒಂದು ಪೆಟ್ಟು ಕಾದಿರುತ್ತದೆ. ಎಲ್ಲರೂ ಆಂಗಸ್ ಹಿಂದೆ ಬಿದ್ದದ್ದರಿಂದ ಈಗ ಹಾಲಿನ ಕಡಸುಗಳಿಗೇ ಬರ. 2025ರಲ್ಲಿ ಈಯಲು ಬಂದ ಕಡಸಿನ ಬೆಲೆ 3000 ಡಾಲರ್ ದಾಟಿತ್ತು. ಇವತ್ತು ಹೆಣ್ಣು ಕರು ಹುಟ್ಟಿಸುವ ವೀರ್ಯ ಹಾಕಿಸಿದರೂ ಗಬ್ಬಕ್ಕೆ 9 ತಿಂಗಳು, ಹುಟ್ಟಿದ ಕಡಸು ಬೆಳೆದು ಈಯಲು 2 ವರ್ಷ. ಅಷ್ಟರಲ್ಲಿ ಮಾಂಸದ ಬೆಲೆ ಬಿದ್ದರೆ, ಅಗ್ಗದ ಕರು ಮಾರಿ ದುಬಾರಿ ಕಡಸು ಕೊಳ್ಳಬೇಕಾಗುತ್ತದೆ.