ಜನವರಿ ಒಂದರ ಮಳೆ ನೋಡಿ ಇಡೀ ವರ್ಷದ ತೀರ್ಪು

ಪೆರ್ಲದ ನಮ್ಮ ತೋಟದಲ್ಲಿ ಅಪ್ಪ ದಿನಾ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಮರೆತ ದಿನಕ್ಕೆ ಒಂದು ಗೆರೆ. ಕೆಲವು ವರ್ಷಗಳ ಹಿಂದೆ ಅದನ್ನು ಕಂಪ್ಯೂಟರಿಗೆ ಹಾಕಿದೆ. ಗೆರೆ ಇದ್ದಲ್ಲಿ ಸುಮ್ನೆ -1 ಅಂತ ಕೊಟ್ಟೆ. ಆಮೇಲೆ ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ‘ಇಫ್’ (‘ಹೀಗಿದ್ದರೆ’ ಎಂಬ ಷರತ್ತು) ಬರೆದೆ: ಮಳೆ 50 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ‘ಕೊಳೆರೋಗ, ಜಾಗ್ರತೆ’ ಎಂದು ಗುರುತು ಹಾಕು.

365 ದಿನದಲ್ಲಿ ಒಂದಕ್ಕೂ ಗುರುತಿಲ್ಲ. ಆಟಿಯ ಜಡಿಮಳೆಗೂ ಇಲ್ಲ! “ಹಾಂಗಾರೆ ಈ ಸರ್ತಿ ಮದ್ದು ಬಿಡುದು ಬೇಡದಾ?” ಎಂದು ಅಪ್ಪ ನಕ್ಕರು.

‘ಇಫ್’ಗೆ ಬೇಕಾದದ್ದು ಒಂದೇ ಒಂದು ಹೌದು ಅಥವಾ ಅಲ್ಲ. ನಾನು ಕೊಟ್ಟದ್ದು 365. ಅದು ಮೊದಲನೆಯದನ್ನಷ್ಟೇ ನೋಡಿತು. ಜನವರಿ ಒಂದಕ್ಕೆ ನಮ್ಮಲ್ಲಿ ಎಲ್ಲಿಯ ಮಳೆ? ‘ಮೊದಲನೆಯದನ್ನು ಮಾತ್ರ ಬಳಸಿದ್ದೇನೆ’ ಎಂಬ ಎಚ್ಚರಿಕೆ ಕೆಳಗೆ ಬಂದಿತ್ತು. ಕೆಲಸ ನಿಲ್ಲಲಿಲ್ಲವಲ್ಲ, ನಾನು ಓದಲೂ ಇಲ್ಲ.

ಈ ತೊಡಕಿನ ಬೇರು ಹಳೆಯದು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಎಸ್ ಭಾಷೆಯ ಕೆಲಸ ಶುರುವಾಯಿತು. ಅದೇ ಜಾಡಿನಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಆಕ್ಲೆಂಡ್‌ನಲ್ಲಿ ಆರ್ ಕಟ್ಟಿದರು. ಇಡೀ ಕಾಲಂಗೆ ಒಂದೇ ಏಟಿಗೆ ಲೆಕ್ಕ ಮಾಡುವುದು ಈ ಭಾಷೆಗಳ ಸೊಗಸು. ‘ಇಫ್’ ಮಾತ್ರ ಆ ಸಾಲಿಗೆ ಸೇರದು. ಅಭ್ಯಾಸಬಲದಿಂದ ಅದಕ್ಕೂ ಕಾಲಂ ಕೊಡುವವರು ನಾನೊಬ್ಬನೇ ಅಲ್ಲ.

ಆರ್‌ನ 2017ರ 3.4.0 ಆವೃತ್ತಿಯಲ್ಲಿ, ಬೇಕಾದವರು ಈ ಎಚ್ಚರಿಕೆಯನ್ನು ಕೆಲಸವನ್ನೇ ನಿಲ್ಲಿಸುವ ಎರರ್ ಮಾಡಿಕೊಳ್ಳುವ ಸ್ವಿಚ್ ಬಂತು. 2022ರ ಏಪ್ರಿಲಿನಲ್ಲಿ, 4.2.0ರಿಂದ, ಎಲ್ಲರಿಗೂ ಎರರ್. ಎರಡು ಷರತ್ತು ಜೋಡಿಸುವ && ಗುರುತಿಗೆ ಅದೇ ಬಿಗಿ ಬಂದದ್ದು ಮರುವರ್ಷ, 4.3.0ರಲ್ಲಿ. ಒಮ್ಮೆಲೇ ಬಿಗಿ ಮಾಡಿದ್ದರೆ ಆರ್‌ನಲ್ಲಿ ಬರೆದು ಹಂಚಿಟ್ಟ ಹಳೆಯ ಪ್ಯಾಕೇಜುಗಳೆಷ್ಟೋ ಮುಗ್ಗರಿಸುತ್ತಿದ್ದವು, ನಿಜ. ಆದರೂ ತಡವಾಯಿತು ಅಂತಲೇ ನನ್ನ ಲೆಕ್ಕ. ತಪ್ಪು ಉತ್ತರ ಕೊಟ್ಟು ‘ಎಚ್ಚರಿಸಿದ್ದೆನಲ್ಲ’ ಅಂದರೆ ಏನು ಬಂತು?

ಇಡೀ ಕಾಲಂಗೇ ಷರತ್ತು ಹಾಕುವ ‘ಇಫ್ಎಲ್ಸ್’ನದು ತದ್ವಿರುದ್ಧ ಕಥೆ. ‘ಮಳೆ ಸೊನ್ನೆಗಿಂತ ಜಾಸ್ತಿ ಇದ್ದರೆ ಲಾಗ್ (ಲಾಗರಿದಮ್) ತೆಗೆ, ಇಲ್ಲವಾದರೆ ಖಾಲಿ ಬಿಡು’ ಅಂದೆ. ಉತ್ತರ ಸರಿ, ಆದರೂ ಎಚ್ಚರಿಕೆ! ಕಾರಣ, ಅದು ಮೊದಲು ಇಡೀ ಕಾಲಂನ ಲಾಗ್ ತೆಗೆಯುತ್ತದೆ, -1ರದ್ದೂ ಸೇರಿ; ಮೈನಸ್ ಸಂಖ್ಯೆಗೆ ಲಾಗ್ ಇಲ್ಲವಲ್ಲ, ಅದಕ್ಕೇ ಎಚ್ಚರಿಕೆ. ಬೇಕಾದ್ದನ್ನು ಆರಿಸುವುದು ಆಮೇಲೆ. ತಮಾಷೆಯೆಂದರೆ ಸೊನ್ನೆಯ ಲಾಗ್‌ಗೆ ತಕರಾರಿಲ್ಲ, ಮೈನಸ್ ಇನ್ಫಿನಿಟಿ ಅಂತ ಕೊಟ್ಟು ಸುಮ್ಮನಾಗುತ್ತದೆ.

ಇಂಥ ಕಡೆ ‘ಸಪ್ರೆಸ್‌ವಾರ್ನಿಂಗ್ಸ್’ ಹಾಕಿ ಬಾಯಿ ಮುಚ್ಚಿಸುವವರಿದ್ದಾರೆ. ನಾನೂ ಹಾಕಿದ್ದೆ. ಅದರೊಳಗೆ ನಿಜವಾದ ತಪ್ಪಿನ ಎಚ್ಚರಿಕೆ ಬಂದರೂ ಕೇಳಿಸುವುದಿಲ್ಲ. ಈಗ ಬರೆದು ನೋಡುವಾಗ ‘ವಾರ್ನ್’ ಆಯ್ಕೆಯನ್ನು 2ಕ್ಕೆ ಇಡುತ್ತೇನೆ, ಎಚ್ಚರಿಕೆ ಬಂದಲ್ಲೇ ಕೆಲಸ ನಿಲ್ಲುತ್ತದೆ. ಹಾಗೆ ನಿಂತಾಗಲೇ -1 ಕಣ್ಣಿಗೆ ಬಿದ್ದದ್ದು. ಅಪ್ಪ ಗೆರೆ ಎಳೆದ ದಿನಗಳಿಗೆಲ್ಲ ‘ಮಾಹಿತಿ ಇಲ್ಲ’ ಎಂಬರ್ಥದ ‘ಎನ್‌ಎ’ ಹಾಕಿದೆ. ಸಪ್ರೆಸ್ ಮಾಡದೆಯೇ ಎಚ್ಚರಿಕೆ ನಿಂತಿತು.