ಚಂದ್ರಂಕಿಯ ಮೇಲೆ ಎದ್ದ ಅಲೆ

ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ ಕಳೆದ ತಿಂಗಳು ಒಂದು ಫೋಟೊ ತೆಗೆದೆ. ಉದ್ದನೆಯ ಗೋಡೆಗೆ ಸಾಲಾಗಿ ಚಂದ್ರಂಕಿಗಳನ್ನು ಒರಗಿಸಿದ್ದರು. ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚೌಕಟ್ಟು ಅದು. ಪುಸ್ತಕದಲ್ಲಿ ಚಂದ್ರಿಕೆ ಅಂತ ಬರೆಯುತ್ತಾರೆ. ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುತ್ತು ಸುತ್ತಾಗಿ ನಿಲ್ಲಿಸಿರುತ್ತಾರೆ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಸುಮಾರು ಎರಡು ಇಂಚು ಜಾಗ.

ಫೋಟೊ ಚೆನ್ನಾಗಿಯೇ ಬಂದಿತ್ತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಚಿಕ್ಕದು ಮಾಡಿದೆ. ನೋಡಿದರೆ ಚಂದ್ರಂಕಿಗಳ ಮೇಲೆಲ್ಲ ಅಗಲವಾದ ಅಲೆಗಳು! ಕೆರೆ ನೀರಿನ ಮೇಲೆ ಗಾಳಿ ಆಡಿದ ಹಾಗೆ. ಮೂಲ ಫೋಟೊದಲ್ಲಿ ಆ ಅಲೆಗಳು ಇಲ್ಲವೇ ಇಲ್ಲ.

ಫೋಟೊ ಚಿಕ್ಕದು ಮಾಡುವುದು ಅಂದರೆ ಸೀರೆ ಮಡಚಿದ ಹಾಗೆ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಮಡಚಿದ ಸೀರೆಯನ್ನು ಮತ್ತೆ ಬಿಚ್ಚಬಹುದು. ಇಲ್ಲಿ ಹಾಗಾಗುವುದಿಲ್ಲ. ನನ್ನ ಫೋಟೊ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿಗಳಿದ್ದದ್ದು. ಈ ಚುಕ್ಕಿಗಳಿಗೇ ಪಿಕ್ಸೆಲ್ ಅನ್ನುವುದು. ಒಟ್ಟು 1.2 ಕೋಟಿ. ಅದನ್ನು 400ಕ್ಕೆ 300 ಮಾಡಿದರೆ ಉಳಿಯುವುದು 1.2 ಲಕ್ಷ. ಅಂದರೆ ಹಳೆಯ ನೂರು ಚುಕ್ಕಿಗಳ ಜಾಗದಲ್ಲಿ ಹೊಸದಾಗಿ ಒಂದು ಚುಕ್ಕಿ. ಆ ಒಂದಕ್ಕೆ ಯಾವ ಬಣ್ಣ ಕೊಡಬೇಕು?

ನಾನು ಫೋಟೊ ತಿದ್ದುವ ಜಿಂಪ್ ತಂತ್ರಾಂಶದ 'ಸ್ಕೇಲ್ ಇಮೇಜ್'ನಲ್ಲಿ ಇಂಟರ್‌ಪೊಲೇಶನ್ (ಹೊಸ ಚುಕ್ಕಿಯ ಬಣ್ಣ ಲೆಕ್ಕ ಹಾಕುವ ವಿಧಾನ) ಅನ್ನುವ ಕಡೆ 'None', ಅಂದರೆ ಯಾವುದೂ ಬೇಡ, ಅಂತ ಬಿಟ್ಟಿದ್ದೆ. ಆಗ ಅದು ನೂರರಲ್ಲಿ ಒಂದು ಚುಕ್ಕಿ ಆರಿಸಿಕೊಂಡು ಉಳಿದ 99ನ್ನು ಕೇಳುವುದೇ ಇಲ್ಲ. ಗೂಡಿನ ಮಾರುಕಟ್ಟೆಯಲ್ಲಿ ಒಂದೇ ಒಂದು ಗೂಡು ಎತ್ತಿ ನೋಡಿ ಇಡೀ ಲಾಟಿಗೆ ಬೆಲೆ ಕಟ್ಟಿದ ಹಾಗಾಯಿತು. ಆರಿಸಿದ ಚುಕ್ಕಿ ಒಮ್ಮೆ ಪಟ್ಟಿಯ ಮೇಲೆ ಬೀಳುತ್ತದೆ, ಒಮ್ಮೆ ಸಂದಿನ ನೆರಳಿನಲ್ಲಿ ಬೀಳುತ್ತದೆ. ಮೂಲದಲ್ಲಿ ಸುತ್ತಿನಿಂದ ಸುತ್ತಿಗೆ ಸುಮಾರು 15 ಚುಕ್ಕಿ ಇದ್ದವು. ಚಿಕ್ಕದರಲ್ಲಿ ಅದು ಒಂದೂವರೆಗೆ ಇಳಿಯಿತು. ಒಂದು ಪಟ್ಟಿ, ಒಂದು ಸಂದು ತೋರಿಸಲು ಕಡಿಮೆ ಅಂದರೂ ಎರಡು ಚುಕ್ಕಿ ಬೇಕಲ್ವಾ? ಅದಕ್ಕಿಂತ ಕಡಿಮೆಯಾದರೆ ಪಟ್ಟಿಗಳ ಲೆಕ್ಕ ತಪ್ಪಿ ಸುಳ್ಳು ಅಲೆ ಏಳುತ್ತದೆ.

ಇದಕ್ಕೆ ಮ್ವಾರೆ ಅಂತ ಹೆಸರು. ನೀರಿನ ಅಲೆಯ ಹಾಗೆ ಹೊಳೆಯುವ ಒಂದು ಬಗೆಯ ರೇಷ್ಮೆ ಬಟ್ಟೆಗೆ ಫ್ರೆಂಚರು ಇಟ್ಟ ಹೆಸರು ಅದು. ರೇಷ್ಮೆ ಸೀಮೆಯ ಫೋಟೊದಲ್ಲಿ ರೇಷ್ಮೆಯ ಹೆಸರಿನ ಅಲೆಯೇ ಸಿಕ್ಕಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಪರಿಹಾರ ಸುಲಭ. ನೂರು ಚುಕ್ಕಿಗಳನ್ನೂ ಕೇಳಿ ಸರಾಸರಿ ತೆಗೆಯಬೇಕು. ಅದೇ ಇಂಟರ್‌ಪೊಲೇಶನ್ ಕಡೆ 'ಕ್ಯೂಬಿಕ್' ಆರಿಸಿ ಮತ್ತೆ ಮಾಡಿದೆ. ಅಲೆ ಹೋಯಿತು. ಪಟ್ಟಿಗಳೂ ಹೋದವು, ಒಂದೇ ಸಮನಾದ ತಿಳಿ ಕಂದು ಉಳಿಯಿತು. ಇಷ್ಟು ಚಿಕ್ಕ ಫೋಟೊ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಅಷ್ಟೇ.

ಆನ್‌ಲೈನ್ ಅರ್ಜಿ ತುಂಬುವ ಮಕ್ಕಳು ಸೋಲುವುದು ಇನ್ನೊಂದು ಕಡೆ. ಬ್ಯಾಂಕ್ ಪರೀಕ್ಷೆಯ ಅರ್ಜಿಯಲ್ಲಿ 200ಕ್ಕೆ 230 ಪಿಕ್ಸೆಲ್, 20ರಿಂದ 50 ಕೆಬಿ ಅಂತ ಕೇಳುತ್ತಾರೆ. ಎಷ್ಟೋ ಜನ ಪಿಕ್ಸೆಲ್ ಮುಟ್ಟದೆ ಸುಮ್ನೆ ಕ್ವಾಲಿಟಿ ಇಳಿಸುತ್ತಾ ಹೋಗುತ್ತಾರೆ. ಒಂದು ಚುಕ್ಕಿಗೆ 3 ಬೈಟ್ ಲೆಕ್ಕ ಹಾಕಿದರೆ 1.2 ಕೋಟಿ ಚುಕ್ಕಿಗೆ 36 ಎಂಬಿ. ಅದನ್ನು 50 ಕೆಬಿಗೆ ಹಿಂಡಿದರೆ ಮುಖದ ಮೇಲೆ ಚೌಕ ಚೌಕ ಮೂಡುತ್ತದೆ. ಜೆಪೆಗ್ ಅಂದರೆ ಫೋಟೊ ಹಿಂಡಿ ಉಳಿಸುವ ಒಂದು ವಿಧಾನ. ಅದು ಫೋಟೊವನ್ನು 8ಕ್ಕೆ 8 ಚುಕ್ಕಿಯ ತುಂಡುಗಳಾಗಿ ಮಾಡಿಕೊಂಡು, ನಮ್ಮ ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಜಾಸ್ತಿ ಹಿಂಡಿದಷ್ಟೂ ತುಂಡುಗಳ ಅಂಚು ಎದ್ದು ಕಾಣುತ್ತದೆ. ಮೊದಲು 200ಕ್ಕೆ 230 ಮಾಡಿಕೊಳ್ಳಿ. ಆಗ ಹಿಂಡದೆಯೇ ಸುಮಾರು 135 ಕೆಬಿ. ಮೂರು ಪಟ್ಟು ಇಳಿಸಿದರೆ ಸಾಕು, ಮುಖ ಮುಖವಾಗಿಯೇ ಇರುತ್ತದೆ.

ಈ ಜೆಪೆಗ್‌ನ ಹೊಟ್ಟೆಯೊಳಗಿನ ಗಣಿತ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಅಂದರೆ ತುಂಡಿನೊಳಗಿನ ದಪ್ಪ ವಿವರ, ಸೂಕ್ಷ್ಮ ವಿವರಗಳನ್ನು ಬೇರೆ ಬೇರೆ ಮಾಡುವ ಲೆಕ್ಕ. ಅದನ್ನು ಕಂಡುಹಿಡಿದ ನಾಸಿರ್ ಅಹ್ಮದ್ ಬೆಂಗಳೂರಿನಲ್ಲೇ ಹುಟ್ಟಿ ಅಲ್ಲೇ ಇಂಜಿನಿಯರಿಂಗ್ ಓದಿದವರು. ಟಿ. ನಟರಾಜನ್, ಕೆ. ಆರ್. ರಾವ್ ಜೊತೆ 1974ರಲ್ಲಿ ಪ್ರಕಟಿಸಿದರು. ಜೆಪೆಗ್ ಬಂದದ್ದು 1992ರಲ್ಲಿ. ಶಿಡ್ಲಘಟ್ಟದಿಂದ ಎರಡು ಗಂಟೆ ದಾರಿಯ ಊರಿನವರ ಲೆಕ್ಕ ಜಗತ್ತಿನ ಪ್ರತಿ ಕ್ಯಾಮೆರಾ ಫೋನಿನಲ್ಲೂ ಇದೆ. ಶಾಲೆಯಲ್ಲಿ ಯಾರಾದರೂ ಇದನ್ನು ನಮಗೆ ಹೇಳಬೇಕಿತ್ತು.

ಮೊನ್ನೆ ಒಬ್ಬರು ಆ ಚಂದ್ರಂಕಿ ಫೋಟೊ ಕೇಳಿದರು, ಗೋಡೆಗೆ ಹಾಕಲು. ಅವರ ಹತ್ತಿರ ಇದ್ದದ್ದು 400 ಚುಕ್ಕಿಯದ್ದು. ಅದನ್ನೇ ದೊಡ್ಡದು ಮಾಡಿಸೋಣ ಅಂದರು. ಕ್ಯೂಬಿಕ್‌ನಲ್ಲಿ ದೊಡ್ಡದು ಮಾಡಿದಾಗ ತಂತ್ರಾಂಶ ಅಕ್ಕಪಕ್ಕದ 16 ಚುಕ್ಕಿ ನೋಡಿ ನಡುವಿನದನ್ನು ಊಹಿಸುತ್ತದೆ, ಅಷ್ಟೇ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಬೇಕು. 400 ಚುಕ್ಕಿ ಒಂದೂವರೆ ಇಂಚೂ ತುಂಬುವುದಿಲ್ಲ. ಮೂಲ ಫೈಲು ತೆರೆದು ತೋರಿಸಿದೆ. ಎಡಗಡೆಯ ಮೂರನೇ ಚಂದ್ರಂಕಿಯಲ್ಲಿ ಒಂದು ಹುಳು ಪಟ್ಟಿ ಹತ್ತಿ ತಲೆ ಎತ್ತಿದೆ, ನೂಲು ಎಳೆಯಲು ಜಾಗ ಹುಡುಕುತ್ತಾ. ಇಪ್ಪತ್ತು ಚುಕ್ಕಿ ಉದ್ದದ ಹುಳು. ಅವರ ಫೋಟೊದಲ್ಲಿ ಅದೇ ಜಾಗದಲ್ಲಿ ಎರಡು ಕಂದು ಚುಕ್ಕಿ ಇದ್ದವು.